ಮುದ್ರೆ ಮತ್ತು ಕಿರೀಟ

ತಾಮ್ರಶಾಸನಗಳ ಪಾಠ ಹೇಳಿ ಬದುಕಿದವನಿಗೆ ಸೈನಿಕರ ಟೋಪಿಯ ಬಿಲ್ಲೆಯ ಗೊಡವೆ ಏಕೆಂದು ತಾವು ಕೇಳಬಹುದು. ಅದು ನಾನಾಗಿ ಬಯಸಿದ್ದಲ್ಲ. ಹಳೆಯ ವಿದ್ಯಾರ್ಥಿಯೊಬ್ಬ ಎರಡು ತಿಂಗಳ ಸಂಬಳ ತೆತ್ತು ಕೊಂಡ ಬಿಲ್ಲೆಯೊಂದನ್ನು ತಂದು ನನ್ನ ಮೇಜಿನ ಮೇಲಿಟ್ಟ. ಬ್ರಿಟಿಷರ ನಾಲ್ಕನೆಯ ಹುಸ್ಸಾರ್ ಕುದುರೆಪಡೆಯದು. ಚರ್ಚಿಲ್ ತರುಣ ಅಧಿಕಾರಿಯಾಗಿ 1896ರಲ್ಲಿ ಬೆಂಗಳೂರಿನ ದಂಡಿಗೆ ಬಂದದ್ದು ಈ ಪಡೆಯೊಡನೆ. (ಬೆಂಗಳೂರು ಕ್ಲಬ್ಬಿಗೆ ಆತ ಉಳಿಸಿಹೋದ 13 ರೂಪಾಯಿಯ ಬಾಕಿ ಅಲ್ಲಿನ ಲೆಕ್ಕದ ಪುಸ್ತಕದಲ್ಲಿ ಪ್ರಸಿದ್ಧ.) ಆ ಕಾಲದ್ದೇ ಬಿಲ್ಲೆಯೆಂದು ಮಾರಿದವನ ಮಾತು. ಬೆನ್ನಿನಲ್ಲಿ ‘ಜೆ. ಆರ್. ಗಾಂಟ್, ಲಂಡನ್’ ಎಂಬ ಅಚ್ಚು.

ಅಕ್ಷರ ಓದುವ ಅಭ್ಯಾಸದವನು ಅಕ್ಷರಕ್ಕೇ ಮರುಳಾಗುತ್ತಾನೆ. ಗಾಂಟ್ ಬರ್ಮಿಂಗ್‌ಹ್ಯಾಮಿನ ಹೆಸರಾಂತ ಬಿಲ್ಲೆ ತಯಾರಕರು. “ಅಸಲಿಯಪ್ಪಾ” ಎಂದುಬಿಟ್ಟೆ.

ಗಂಗರ ತಾಮ್ರಪಟಗಳಲ್ಲಿ ಹಲವನ್ನು ಫ್ಲೀಟ್ ಕೂಟಶಾಸನಗಳೆಂದು ತಳ್ಳಿಹಾಕಿದ್ದನ್ನೂ, ರೈಸ್ ಅವುಗಳ ಪರವಾಗಿ ವಾದಿಸಿದ್ದನ್ನೂ ವರ್ಷವರ್ಷವೂ ಬೋಧಿಸಿದವನು ನಾನು. ಮುದ್ರೆ ಸಾಚಾ ಇದ್ದರೆ ಸಾಲದು, ಬಳೆಯನ್ನು ಕತ್ತರಿಸಿ ಬೇರೆ ಪಟಕ್ಕೆ ಪೋಣಿಸಬಹುದೆಂದು ತರಗತಿಯಲ್ಲಿ ಹೇಳುತ್ತಿದ್ದೆ. ಬಿಲ್ಲೆಯ ಸಂಗತಿಯೂ ಅದೇ. ತಯಾರಕನ ಹೆಸರಿರುವುದು ಟೋಪಿಗೆ ಸಿಕ್ಕಿಸುವ ಪಟ್ಟಿಯ ಮೇಲೆ. ಆ ಪಟ್ಟಿ ಬೆಸುಗೆಯಿಂದ ನಿಂತದ್ದು. ಹೆಸರಿನ ಪಟ್ಟಿಯನ್ನು ಯಾವ ಬಿಲ್ಲೆಗಾದರೂ ಬೆಸೆಯಬಹುದು. ಗಾಂಟರ ಹೆಸರನ್ನಂತೂ ನಕಲಿಗಾರರು ಧಾರಾಳವಾಗಿ ಬಳಸಿದ್ದಾರೆ. ಮೇಲಾಗಿ, ಹೆಸರೇ ಇಲ್ಲದ ಅಸಲಿ ಬಿಲ್ಲೆಗಳು ಎಷ್ಟೋ ಇವೆ.

ರಾತ್ರಿ ಭೂತಗನ್ನಡಿ ಹಿಡಿದು ಕುಳಿತೆ. ಅಚ್ಚಿನಿಂದ ಒತ್ತಿದ ಬಿಲ್ಲೆಯ ಮುಂಭಾಗದ ಉಬ್ಬು ಹಿಂಭಾಗದಲ್ಲಿ ತಗ್ಗಾಗಿ ಕಾಣಬೇಕು, ಕಂಡಿತು. ಎರಕ ಹೊಯ್ದದ್ದಾದರೆ ಮೈ ಮರಳುಮರಳಾಗಿ, ಸಣ್ಣ ಗುಳಿಗಳಿಂದ ಕೂಡಿರುತ್ತದೆ. ಅಕ್ಷರಗಳ ಅಂಚು ಸವೆದ ಸಾಬೂನಿನಂತಿರುತ್ತದೆ. ಇಲ್ಲಿ ಹಾಗಿರಲಿಲ್ಲ. ಸಮಾಧಾನದಿಂದ ಬಿಲ್ಲೆಯನ್ನು ತಿರುಗಿಸಿದೆ. ಮೇಲಿದ್ದ ಕಿರೀಟದ ಕಮಾನುಗಳು ಗುಮ್ಮಟದಂತೆ ದುಂಡಗೆ ಉಬ್ಬಿದ್ದವು.

ಅದು ಟ್ಯೂಡರ್ ಕಿರೀಟ. ವಿಕ್ಟೋರಿಯಾ ರಾಣಿ 1901ರಲ್ಲಿ ತೀರಿಕೊಂಡ ಅನಂತರ ಪಡೆಗಳ ಬಿಲ್ಲೆಗಳಿಗೆ ಬಂದದ್ದು. ಚರ್ಚಿಲ್ ಬೆಂಗಳೂರು ಬಿಟ್ಟದ್ದು 1899ರಲ್ಲಿ! ಗಾಂಟರ ಹೆಸರು ನಿಜವಾಗಿದ್ದರೂ ಮಾರಿದವನ ಕತೆ ನಿಲ್ಲದು. ಅಕ್ಷರವಿಲ್ಲದ ಕಿರೀಟ ಹೇಳಿದ್ದನ್ನು ನಾನು ಕೇಳಿಯೇ ಇರಲಿಲ್ಲ.

ಮರುದಿನ ಹುಡುಗನನ್ನು ಕರೆಸಿ ತಪ್ಪೊಪ್ಪಿಕೊಂಡೆ. “ಹಾಗಾದರೆ ಇದು ಸುಳ್ಳೇ, ಸರ್?” ಎಂದ. ಬಿಲ್ಲೆಯಲ್ಲ, ಅದರ ಬಗ್ಗೆ ಆಡಿದ ಮಾತು ಸುಳ್ಳು ಎಂದೆ. ಆ ಮಾತಿಗಾಗಿಯೇ ಹಣ ಕೊಟ್ಟೆನೆಂದ ಅವನು. ಅಂಗಡಿಯವನಿಗೆ ತೋರಿಸಲು ಬರೆದುಕೊಡಿ ಎಂದು ಬೇಡಿದ. ಕಿರೀಟದ ಸಂಗತಿಯನ್ನು ಬರೆದು ರುಜು ಮಾಡಿದೆ. ಗಾಂಟರ ಅಚ್ಚಿನ ಬಗ್ಗೆ ಒಂದಕ್ಷರವನ್ನೂ ಬರೆಯಲಿಲ್ಲ.