ಇಳಿಜಾರಿನ ವಿದ್ಯುತ್ತಿಗೆ ಕಡಿವಾಣ

ಸಂಡೂರು ಸೀಮೆಯ ದೋಣಿಮಲೈಯ ಅದಿರು ರಣಜಿತ್‌ಪುರದಲ್ಲಿ ರೈಲೇರಿ, ತೋರಣಗಲ್ಲಿಗೆ ಬಂದು ಗುಂತಕಲ್–ಹುಬ್ಬಳ್ಳಿ ಮುಖ್ಯಮಾರ್ಗವನ್ನು ಸೇರುತ್ತದೆ. ಎನ್‌ಎಂಡಿಸಿ ಇಲ್ಲಿ 1977ರಲ್ಲಿ ಗಣಿ ನಡೆಸತೊಡಗಿದ ಮೇಲೆ ಈ ಸೀಮೆಯ ಕೆಂಪು ಅದಿರು ಒಂದು ದಿಕ್ಕಿನಲ್ಲಿ ಚೆನ್ನೈ ಬಂದರು ಕಂಡಿತು. ಹೊಸಪೇಟೆ ಕಡೆಯಿಂದ ಹೊರಟ ಅದಿರು ಕ್ಯಾಸಲ್‌ರಾಕ್ ಘಾಟಿ ಇಳಿದು ಮುರ್ಮಗೋವಾ ಸೇರಿತು. ಆ ಘಾಟಿಯ ಇಳಿಜಾರು 37ಕ್ಕೆ 1. ಹುಬ್ಬಳ್ಳಿ ಶೆಡ್ಡಿನ ಡಬ್ಲ್ಯುಡಿಜಿ-4 ಡೀಸೆಲ್ ಎಂಜಿನ್‌ಗಳು ಇಳಿಯುವಾಗ ತಮ್ಮ ಮೋಟಾರುಗಳನ್ನೇ ಜನರೇಟರ್ ಮಾಡಿಕೊಂಡು ವೇಗ ತಡೆಯುತ್ತವೆ. ಹುಟ್ಟಿದ ವಿದ್ಯುತ್ತೆಲ್ಲ ರೆಸಿಸ್ಟರ್ ಗ್ರಿಡ್ಡುಗಳಲ್ಲಿ ಕಾದು ಬಿಸಿಗಾಳಿಯಾಗಿ ಕಾಡಿಗೆ ಹೋಗುತ್ತದೆ.

ಹೀಗೆ ಹೋಗುವುದು ಎಷ್ಟು? 5,000 ಟನ್ನಿನ ರೈಲು 100 ಮೀಟರ್ ಎತ್ತರ ಇಳಿದರೆ ಲೆಕ್ಕದ ಪ್ರಕಾರ ಸುಮಾರು 1,360 ಯೂನಿಟ್ ಶಕ್ತಿ ಬಿಡುಗಡೆಯಾಗುತ್ತದೆ. ಗಾಲಿ, ಗಾಳಿ, ಗೇರುಗಳ ಪಾಲಿಗೆ ಅರ್ಧ ಕಳೆದರೂ, ಉಳಿದದ್ದನ್ನು ಬ್ಯಾಟರಿಯಲ್ಲಿ ಹಿಡಿದಿಡಲು ಹೊರಟರೆ, ಆ ಇಳಿತ ಹತ್ತು ನಿಮಿಷದ್ದಾದಾಗ ಅದಕ್ಕೆ ನುಗ್ಗುವುದು 4 ಮೆಗಾವಾಟ್. 1,500 ವೋಲ್ಟಿನ ಬ್ಯಾಟರಿಗೆ ಅದು ಸರಿಸುಮಾರು 2,700 ಆಂಪಿಯರ್. ಅಷ್ಟು ಹಿಡಿಸುವ ಬ್ಯಾಟರಿಯನ್ನು ಇಂದು ಕೊಳ್ಳಬಹುದು. ಆ 2,700 ಆಂಪಿಯರನ್ನು ಕುಣಿಯದಂತೆ, ಉಕ್ಕದಂತೆ ಒಳಗೆ ಬಿಡುವುದೇ ಕಷ್ಟದ ಕೆಲಸ. ಹಳಿಯ ಮೇಲಿನ ಬ್ಯಾಟರಿಯ ಚರಿತ್ರೆಯನ್ನು ಕರೆಂಟನ್ನು ಹದ್ದುಬಸ್ತಿನಲ್ಲಿಡುವ ಚರಿತ್ರೆಯೆಂದೇ ಓದಬೇಕು ಎಂಬುದು ನನ್ನ ಅಭಿಪ್ರಾಯ.

ಶುರುವಿನಲ್ಲಿ ಈ ತಾಪತ್ರಯವೇ ಇರಲಿಲ್ಲ. ಸ್ಕಾಟ್ಲೆಂಡಿನ ರಾಬರ್ಟ್ ಡೇವಿಡ್‌ಸನ್ 1842ರಲ್ಲಿ ಓಡಿಸಿದ ‘ಗ್ಯಾಲ್ವಾನಿ’ ಗಾಡಿಯ ಕೋಶಗಳು ಸತುವನ್ನು ತಿಂದು ಮುಗಿಸುತ್ತಿದ್ದವು. ಅವಕ್ಕೆ ಮರಳಿ ಚಾರ್ಜ್ ಆಗುವ ಗುಣವೇ ಇರಲಿಲ್ಲ. 1859ರಲ್ಲಿ ಗಾಸ್ಟನ್ ಪ್ಲಾಂಟೆ ಸೀಸ-ಆಮ್ಲದ ಬ್ಯಾಟರಿ ಕಂಡುಹಿಡಿದ ಮೇಲೆ ಕರೆಂಟು ಎರಡೂ ದಿಕ್ಕಿಗೆ ಹರಿಯತೊಡಗಿತು, ತೊಂದರೆಯೂ ಜೊತೆಗೇ ಬಂತು.

ಅದರ ಮೊದಲ ಸೊಗಸಾದ ಪರಿಹಾರ ನಮ್ಮ ಪ್ರಯಾಣಿಕ ಬೋಗಿಗಳ ಅಡಿಯಲ್ಲೇ ಬಹುಕಾಲ ಇತ್ತು. 1890ರ ದಶಕದ ಸ್ಟೋನ್ ಪದ್ಧತಿಯಲ್ಲಿ, ದೀಪಗಳ ಬ್ಯಾಟರಿ ತುಂಬಲು ಬೋಗಿಯ ಅಚ್ಚು ಬೆಲ್ಟಿನ ಮೂಲಕ ಡೈನಮೋ ತಿರುಗಿಸುತ್ತದೆ. ಡೈನಮೋವನ್ನು ಓರೆಯಾಗಿ ತೂಗುಹಾಕಿರುತ್ತಾರೆ. ಭಾರ ಹೆಚ್ಚಿದಾಗ ಅದು ಅಚ್ಚಿನತ್ತ ವಾಲುತ್ತದೆ, ಬೆಲ್ಟ್ ಸಡಿಲಾಗಿ ಜಾರುತ್ತದೆ. ರೈಲು ಎಷ್ಟೇ ಜೋರಾಗಿ ಓಡಲಿ, ಬ್ಯಾಟರಿಗೆ ಹೋಗುವ ಕರೆಂಟ್ ಒಂದು ಮಿತಿ ದಾಟುವುದಿಲ್ಲ. ಒಂದು ಟ್ರಾನ್ಸಿಸ್ಟರೂ ಇಲ್ಲದ ಕಾಲದಲ್ಲಿ, ಚರ್ಮದ ಪಟ್ಟಿಯೊಂದು ಕರೆಂಟನ್ನು ಅಳೆದು ತಿದ್ದುತ್ತಿತ್ತು. ನಮ್ಮ ರೈಲುಗಳಲ್ಲಿ 24 ವೋಲ್ಟಿನ ಡೈನಮೋಗಳ ಜಾಗಕ್ಕೆ 110 ವೋಲ್ಟಿನ ಆಲ್ಟರ್ನೇಟರ್ ಬಂದಾಗ ಆ ಕೆಲಸ ರೆಗ್ಯುಲೇಟರ್ ಪೆಟ್ಟಿಗೆಗೆ ಹೋಯಿತು. ಮೊದಲು ಮ್ಯಾಗ್ನೆಟಿಕ್ ಆಂಪ್ಲಿಫೈಯರ್, ಆಮೇಲೆ ಐಜಿಬಿಟಿ ಎಂಬ ಅರೆವಾಹಕ ಸ್ವಿಚ್ಚು. ಟ್ರೈನ್ ಲೈಟಿಂಗ್ ಸಿಬ್ಬಂದಿಯ ಈ ವಿದ್ಯೆಗೆ ಸಿಗಬೇಕಾದ ಗೌರವ ಸಿಕ್ಕಿಲ್ಲ. ಹಳಿಯ ಮೇಲೆ ಬ್ಯಾಟರಿ ಕರೆಂಟಿನ ನಿಯಂತ್ರಣವನ್ನು ಭಾರತ ಮೊದಲು ಕಲಿತದ್ದು ಆ ಬೆಲ್ಟುಗಳಲ್ಲಿ, ಆ ಪೆಟ್ಟಿಗೆಗಳಲ್ಲಿ.

ಬ್ಯಾಟರಿಯಿಂದಲೇ ರೈಲೆಳೆಯುವ ಪ್ರಯತ್ನ ಯುರೋಪಿನಲ್ಲಿ ಮುಂದುವರಿಯಿತು. ಐರ್ಲೆಂಡಿನ ಜೇಮ್ಸ್ ಡ್ರಮ್ ರೂಪಿಸಿದ ನಿಕ್ಕಲ್-ಸತು ಬ್ಯಾಟರಿಯ ರೈಲು 1932ರಿಂದ 1949ರವರೆಗೆ ಡಬ್ಲಿನ್–ಬ್ರೇ ನಡುವೆ ಓಡಿತು. ಬ್ರೇಕ್ ಹಾಕಿದಾಗ ಅದು ಬ್ಯಾಟರಿಗೆ ಒಂದಿಷ್ಟು ಮರಳಿಸುತ್ತಿತ್ತು. ಪಶ್ಚಿಮ ಜರ್ಮನಿಯ ಇಟಿಎ-150 ಗಾಡಿಗಳು 1955ರಿಂದ 1995ರವರೆಗೆ ಸೀಸದ ಬ್ಯಾಟರಿಯಲ್ಲೇ ದುಡಿದವು. ಆ ಕಾಲದ ಗಾಡಿಗಳಲ್ಲಿ ಕರೆಂಟನ್ನು ಹದಗೊಳಿಸಲು ರೆಸಿಸ್ಟರುಗಳನ್ನು, ಮೋಟಾರುಗಳ ಜೋಡಣೆಯನ್ನು ಹಂತಹಂತವಾಗಿ ಬದಲಿಸುವುದೇ ದಾರಿ. ಪ್ರತಿ ಹಂತಕ್ಕೂ ಒಂದು ಎಳೆತ, ಒಂದಿಷ್ಟು ಶಾಖ.

ಥೈರಿಸ್ಟರ್ ಚಾಪರ್ ಬಂದದ್ದೇ ಆ ಹಂತಗಳು ಮಾಯವಾದವು. ಸ್ವಿಚ್ಚೊಂದು ಸೆಕೆಂಡಿಗೆ ನೂರಾರು ಸಲ, ಐಜಿಬಿಟಿ ಕಾಲಕ್ಕೆ ಸಾವಿರಾರು ಸಲ ತೆರೆದು ಮುಚ್ಚುತ್ತದೆ. ನಡುವಿನ ಸುರುಳಿ ಕರೆಂಟನ್ನು ನಯಗೊಳಿಸುತ್ತದೆ. ಇದೆಲ್ಲ ಏಕೆ ಬೇಕೆಂದರೆ, ಬ್ಯಾಟರಿಯ ಒಳರೋಧ ತೀರಾ ಕಡಿಮೆ. 750 ವೋಲ್ಟಿನ ಬ್ಯಾಟರಿಯೊಂದರ ಒಳರೋಧ 0.05 ಓಮ್ ಎಂದಿಟ್ಟುಕೊಳ್ಳಿ. ಲೈನಿಗೂ ಅದಕ್ಕೂ ಬರೀ 50 ವೋಲ್ಟ್ ವ್ಯತ್ಯಾಸವಾದರೂ 1,000 ಆಂಪಿಯರ್ ಹರಿಯುತ್ತದೆ. ಹಾಗಾಗಿ ಇಂದಿನ ವಿನ್ಯಾಸಗಳಲ್ಲಿ ಎರಡು ನಿಯಂತ್ರಣ ಕುಣಿಕೆಗಳಿರುತ್ತವೆ. ಒಳಗಿನದು ಕರೆಂಟನ್ನು ಮಿಲಿಸೆಕೆಂಡುಗಳಲ್ಲಿ ತಿದ್ದುತ್ತದೆ. ಹೊರಗಿನದು ವೋಲ್ಟೇಜನ್ನು ನೋಡಿಕೊಂಡು ಎಷ್ಟು ಕರೆಂಟ್ ಬೇಕೆಂದು ಒಳಗಿನದಕ್ಕೆ ನಿಧಾನವಾಗಿ ಆಜ್ಞೆ ಕೊಡುತ್ತದೆ. ಹೊರಗಿನದು ಅವಸರ ಮಾಡಿದರೆ ಕೆಡುತ್ತದೆ. ಬ್ಯಾಟರಿಯ ವೋಲ್ಟೇಜನ್ನು ಏರಿಸಿ ಕೊಡುವ ಸರ್ಕಿಟ್ಟಿಗೆ ‘ಇನ್ನಷ್ಟು ಕೊಡು’ ಎಂದಾಗ, ಮೊದಲ ಕ್ಷಣ ಅದು ಕಡಿಮೆ ಕೊಟ್ಟು ಆಮೇಲೆ ಹೆಚ್ಚು ಕೊಡುತ್ತದೆ. ಆ ಮೊದಲ ಇಳಿತಕ್ಕೆ ಬೆದರಿ ಇನ್ನೂ ಒತ್ತಿದರೆ ಓಲಾಟ ಶುರು.

ಇದಕ್ಕಿಂತ ಸೂಕ್ಷ್ಮವಾದ ತೊಡಕು ಇನ್ನೊಂದಿದೆ. ಇನ್ವರ್ಟರ್ ಚಾಲಿತ ಮೋಟಾರ್ ಕೇಳುವುದು ನಿಗದಿತ ಶಕ್ತಿಯನ್ನು. ವೋಲ್ಟೇಜ್ ಕುಸಿದರೆ ಅದು ಹೆಚ್ಚು ಕರೆಂಟ್ ಎಳೆಯುತ್ತದೆ, ಎಳೆದಷ್ಟೂ ವೋಲ್ಟೇಜ್ ಮತ್ತಷ್ಟು ಕುಸಿಯುತ್ತದೆ. ಮುಂದಿರುವ ಫಿಲ್ಟರಿನ ಸುರುಳಿ, ಕೆಪ್ಯಾಸಿಟರ್‌ಗಳ ಜೊತೆ ಸೇರಿದರೆ ಎರಡು ಒಳ್ಳೆಯ ಉಪಕರಣಗಳು ಒಂದಕ್ಕೊಂದು ತಾಗಿ ಕೆಟ್ಟದಾಗಿ ಕಂಪಿಸುತ್ತವೆ. ಕ್ಯಾಲ್ಟೆಕ್‌ನ ಆರ್. ಡಿ. ಮಿಡಲ್‌ಬ್ರೂಕ್ 1976ರಲ್ಲಿ ಇದಕ್ಕೊಂದು ಕಟ್ಟಳೆ ಕೊಟ್ಟರು: ಫಿಲ್ಟರಿನ ಪ್ರತಿರೋಧ ಮುಂದಿನ ಪರಿವರ್ತಕ ತೋರುವ ಪ್ರತಿರೋಧಕ್ಕಿಂತ ಸಾಕಷ್ಟು ಕೆಳಗಿರಬೇಕು. ಅದೇ ಕ್ಯಾಲ್ಟೆಕ್‌ನಲ್ಲಿ 1986ರಲ್ಲಿ ಪಿಎಚ್‌ಡಿ ಮುಗಿಸಿದ ವಿ. ರಾಮನಾರಾಯಣನ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪಾಠ ಹೇಳಿದರು; ಮೋಟಾರ್ ನಿಯಂತ್ರಣದಲ್ಲಿ ವಿ. ಟಿ. ರಂಗನಾಥನ್ ಅಲ್ಲೇ ದುಡಿದರು. ಬೆಂಗಳೂರಿನ ಬಿಎಚ್‌ಇಎಲ್ ಘಟಕ ರೈಲ್ವೆ ಎಂಜಿನ್ನುಗಳಿಗೆ ಐಜಿಬಿಟಿ ಪರಿವರ್ತಕಗಳನ್ನು ಮಾಡುತ್ತದೆ. ಅಂದರೆ ಬೇಕಾದ ವಿದ್ಯೆ ರಾಜ್ಯದೊಳಗೇ ಇದೆ.

ಅದನ್ನು ಬಳಸುವ ಜಾಗವೂ ಇಲ್ಲೇ ಇದೆ. 2011ರ ಅಕ್ಟೋಬರ್ 20ರಂದು ಓಡತೊಡಗಿದ ಬೆಂಗಳೂರಿನ ‘ನಮ್ಮ ಮೆಟ್ರೊ’ 750 ವೋಲ್ಟಿನ ಮೂರನೇ ಹಳಿಯಿಂದ ವಿದ್ಯುತ್ ಪಡೆಯುತ್ತದೆ. ಬ್ರೇಕಿನ ವಿದ್ಯುತ್ತು ಅದೇ ಹಳಿಗೆ ಮರಳುತ್ತದೆ. ಹತ್ತಿರದಲ್ಲಿ ಅದನ್ನು ಎಳೆದುಕೊಳ್ಳುವ ರೈಲಿಲ್ಲದಿದ್ದರೆ ವೋಲ್ಟೇಜ್ ಏರುತ್ತದೆ. ಇಂಥ ಕಡೆಯೇ ಬ್ಯಾಟರಿಗೆ ಜಾಗ.

ಲಿಥಿಯಂ-ಅಯಾನ್ ಬಂದ ಮೇಲೆ ಮುನ್ನಡೆ ವೇಗವಾಯಿತು. ಜಪಾನಿನ ಕರಸುಯಾಮಾ ಶಾಖೆಯಲ್ಲಿ 2014ರ ಮಾರ್ಚ್‌ನಿಂದ ಇವಿ-ಇ301 ಬ್ಯಾಟರಿ ರೈಲು ಓಡುತ್ತಿದೆ. ನಿಂತಲ್ಲೇ ಭಾರೀ ಕರೆಂಟ್ ಎಳೆದರೆ ಮೇಲಿನ ತಂತಿ ಒಂದೇ ಜಾಗದಲ್ಲಿ ಕಾಯುತ್ತದೆಂದು ಕೊನೆಯ ನಿಲ್ದಾಣದಲ್ಲಿ ಗಟ್ಟಿ ಲೋಹದ ಕಂಬಿಯನ್ನೇ ಕೂರಿಸಿದ್ದಾರೆ. ಅಮೆರಿಕದಲ್ಲಿ 2021ರಲ್ಲಿ ವ್ಯಾಬ್‌ಟೆಕ್ ಕಂಪನಿಯ 2.4 ಮೆಗಾವಾಟ್-ಗಂಟೆಯ ಬ್ಯಾಟರಿ ಎಂಜಿನ್, ಡೀಸೆಲ್ ಎಂಜಿನ್ನುಗಳ ಜೊತೆ ಸೇರಿ ಇಡೀ ರೈಲಿನ ಇಂಧನವನ್ನು ಶೇ. 11ರಷ್ಟು ಉಳಿಸಿತು. ಸಂಡೂರಿಗೆ ಹೆಚ್ಚು ಹತ್ತಿರದ ಮಾತು ಆಸ್ಟ್ರೇಲಿಯಾದ ಅದಿರು ಕಂಪನಿ ಫೋರ್ಟೆಸ್ಕ್ಯೂ 2022ರ ಮಾರ್ಚ್‌ನಲ್ಲಿ ಪ್ರಕಟಿಸಿದ ಯೋಜನೆ: ತುಂಬಿದ ರೈಲು ಇಳಿಯುವಾಗ ತುಂಬಿಕೊಂಡ ಬ್ಯಾಟರಿಯೇ ಖಾಲಿ ರೈಲನ್ನು ಮರಳಿ ಗಣಿಗೆ ಒಯ್ಯಬೇಕು. ಸ್ವೀಡನ್ನಿನ ಕಿರುನಾದಿಂದ ನಾರ್ವೆಯ ನಾರ್ವಿಕ್‌ಗೆ ಇಳಿಯುವ ಅದಿರು ರೈಲುಗಳು ಇಳಿತದ ಶಕ್ತಿಯನ್ನು ಮೇಲಿನ ತಂತಿಗೇ ಕೊಡುತ್ತವೆ.

ಹೊಸಪೇಟೆ–ಬಳ್ಳಾರಿ ಮಾರ್ಗಕ್ಕೂ ಈಗ ತಂತಿ ಬಂದಿದೆ. ಹಾಗಿದ್ದ ಮೇಲೆ ಬ್ಯಾಟರಿ ಏಕೆ ಎಂದು ಕೇಳಬಹುದು. ಅದಿರು ತುಂಬುವ ಜಾಗದಲ್ಲಿ ಉತ್ತರವಿದೆ. ಲೋಡರಿನ ಬಕೆಟ್ಟು ಎದ್ದೇಳುವ ಲೈನಿನ ಮೇಲೆ 25,000 ವೋಲ್ಟಿನ ತಂತಿ ಎಳೆಯಲಾಗದು. ಆ ಕೊನೆಯ ತುಂಡಿಗೆ ಡೀಸೆಲ್ ಬೇಕು, ಇಲ್ಲವೇ ಬ್ಯಾಟರಿ. ರೈಲ್ವೆಯ ಜಬಲ್ಪುರ ವಿಭಾಗ 2020ರಲ್ಲಿ ಮಾಡಿದ ‘ನವದೂತ್’ ತಂತಿಯಿದ್ದಲ್ಲಿ ತಂತಿಯಿಂದ, ಇಲ್ಲದಲ್ಲಿ ಬ್ಯಾಟರಿಯಿಂದ ಶಂಟಿಂಗ್ ಮಾಡುವ ಎಂಜಿನ್. ರಣಜಿತ್‌ಪುರದಂಥ ಲೋಡಿಂಗ್ ಯಾರ್ಡಿಗೆ ಇದೇ ಮಾದರಿ ಸರಿಹೊಂದುತ್ತದೆ ಎಂದು ನನಗನ್ನಿಸುತ್ತದೆ.

ಆದರೆ ಹೊರದೇಶಗಳ ಅಂಕಿಗಳನ್ನು ಇಲ್ಲಿಗೆ ಹಾಗೇ ತರುವಂತಿಲ್ಲ. ಬಳ್ಳಾರಿ ಸೀಮೆಯ ಬೇಸಿಗೆ 40 ಡಿಗ್ರಿ ದಾಟುತ್ತದೆ, ಅದಿರಿನ ದೂಳು ತಂಪುಗೊಳಿಸುವ ಗಾಳಿದಾರಿಗಳನ್ನು ಕಟ್ಟುತ್ತದೆ. ಕೋಶ ಕಾದಂತೆ ಅದು ತಾಳುವ ಕರೆಂಟಿನ ಮಿತಿಯನ್ನು ಇಳಿಸಬೇಕು. ನಿಯಂತ್ರಕವು ಮಧ್ಯಾಹ್ನ ಎರಡಕ್ಕೆ ಕೊಡುವ ಆಜ್ಞೆ ಬೆಳಗಿನ ಆರರ ಆಜ್ಞೆಯಾಗಿರಬಾರದು. ಮಿತಿ ಇಳಿದಾಗ ಬ್ಯಾಟರಿ ಬೇಡವೆಂದ ಶಕ್ತಿಯನ್ನು ಅದೇ ಕ್ಷಣದಲ್ಲಿ ರೆಸಿಸ್ಟರಿಗೋ ಗಾಳಿಬ್ರೇಕಿಗೋ ಒಪ್ಪಿಸಬೇಕು, ಮತ್ತು ಆ ಹಸ್ತಾಂತರದಲ್ಲಿ ಸಾವಿರಾರು ಟನ್ನಿನ ರೈಲು ಜಗ್ಗಬಾರದು. ಇದನ್ನು ಪರೀಕ್ಷಿಸಲು ಪ್ರಯೋಗಾಲಯದ ತಂಪು ಕೋಣೆ ಸಾಲದು. ಏಪ್ರಿಲ್–ಮೇ ತಿಂಗಳಲ್ಲಿ, ತುಂಬಿದ ವ್ಯಾಗನ್ನುಗಳೊಂದಿಗೆ, ತೋರಣಗಲ್ಲು–ರಣಜಿತ್‌ಪುರ ಹಳಿಯ ಮೇಲೆಯೇ ಅಳೆಯಬೇಕು.