ಠಕ್ಕನ ದೇಶಾಂತರ

ಚಿಕ್ಕಪೇಟೆಯ ಜವಳಿಯಂಗಡಿಯ ಜಗಲಿಯ ಮೇಲೆ ಅರ್ಧ ಗಳಿಗೆ ಕುಳಿತವನ ಕಿವಿಗೆ ದಗಾ, ಮೋಸ, ವಂಚನೆ, ಠಕ್ಕು, ಟೋಪಿ, ಪಂಗನಾಮ ಇವುಗಳಲ್ಲಿ ಒಂದೆರಡಾದರೂ ಬೀಳದೆ ಇರವು. ಅಮರಸಿಂಹನು ಕಪಟದ ಪರ್ಯಾಯಗಳೆಂದು ಒಂಬತ್ತು ಶಬ್ದಗಳನ್ನು ಒಂದೇ ಕಟ್ಟಿನಲ್ಲಿ ಕಟ್ಟಿಟ್ಟಿದ್ದಾನೆ. ಪಾಠಶಾಲೆಯಲ್ಲಿ ನಾವು ಅವನ್ನು ಒಂದೇ ಉಸಿರಿನಲ್ಲಿ ಒಪ್ಪಿಸುತ್ತಿದ್ದೆವು. ಅವುಗಳ ಒಡಲು ಬೇರೆಬೇರೆಯೆಂಬುದು ತಿಳಿದದ್ದು ಬಹುಕಾಲದ ಮೇಲೆ. ಕೈತವವು ಕಿತವನ, ಎಂದರೆ ಜೂಜುಗಾರನ, ಕೆಲಸ. ಛದ್ಮವು ಮುಚ್ಚಿಕೊಳ್ಳುವ ಹೊದಿಕೆ.

ಇಂಗ್ಲಿಷಿನಲ್ಲಿಯೂ ಹೀಗೆಯೇ. 'ಡಿಸೀವ್' ಎಂಬುದು ಲ್ಯಾಟಿನಿನ ಹಿಡಿಯುವುದೆಂಬ ಧಾತುವಿನಿಂದ ಬಂದುದು. 'ಸ್ವಿಂಡ್ಲರ್' ಎಂಬುದು ಜರ್ಮನ್ ಭಾಷೆಯ ತಲೆತಿರುಗುವುದೆಂಬ ಧಾತುವಿನದು. 'ಚೀಟ್' ಎಂಬುದರ ಕಥೆಯಂತೂ ಸ್ವಾರಸ್ಯವಾದುದು. ಅದು 'ಎಸ್ಚೀಟ್' ಎಂಬುದರ ತುಂಡು. ವಾರಸುದಾರರಿಲ್ಲದೆ ಸತ್ತವನ ಭೂಮಿಯು ಒಡೆಯನಿಗೆ ಸೇರುವುದಕ್ಕೆ ಆ ದೇಶದಲ್ಲಿ ಆ ಹೆಸರು. ಅದನ್ನು ವಶಪಡಿಸಿಕೊಳ್ಳುವ ಅಧಿಕಾರಿಗಳ ನಡತೆ ಎಂತಹುದಾಗಿತ್ತೆಂದರೆ, ಅವರ ಉದ್ಯೋಗದ ಹೆಸರೇ ಮೋಸಕ್ಕೆ ಹೆಸರಾಗಿ ನಿಂತಿತು. ಶಾನುಭೋಗರ ಮೇಲಣ ಗಾದೆಗಳನ್ನು ಬಲ್ಲ ನಮಗೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ.

ಆದರೆ ಇವುಗಳ ನಡುವೆ ನಮ್ಮ ಮನೆಯದೇ ಆದ ಶಬ್ದವೊಂದು ಸೇರಿಕೊಂಡಿದೆ, ಅದು 'ಥಗ್'. ಧಾತುಪಾಠದಲ್ಲಿ ಸ್ಥಗ್ ಧಾತುವಿಗೆ ಸಂವರಣವೆಂದು ಅರ್ಥ ಹೇಳಿದೆ, ಮುಚ್ಚುವುದು, ಮರೆಮಾಡುವುದು. ಹಿಂದಿಯ ಠಗ್ ಎಂಬುದೂ ಕನ್ನಡದ ಠಕ್ಕ ಎಂಬುದೂ ಆ ಮೂಲದವೆಂದೇ ಪಂಡಿತರ ಎಣಿಕೆ. ಠಕ್ಕನು ಹೊಡೆಯುವವನಲ್ಲ, ತನ್ನ ಮನಸ್ಸನ್ನು ಮುಚ್ಚಿಟ್ಟುಕೊಂಡವನು.

ಈ ಶಬ್ದದ ಚರಿತ್ರೆಯಲ್ಲಿ ನಮ್ಮ ಊರಿಗೂ ಒಂದು ಸ್ಥಾನವುಂಟು. 1799ರ ಮೇ 4ರಂದು ಶ್ರೀರಂಗಪಟ್ಟಣವು ಬಿದ್ದಿತು. ಅದಾದ ಸ್ವಲ್ಪ ಕಾಲದಲ್ಲಿಯೇ ಬೆಂಗಳೂರಿನ ಸುತ್ತಮುತ್ತ ಇಂತಹವರೆಂದು ಸುಮಾರು ನೂರು ಮಂದಿಯನ್ನು ಹಿಡಿದರು. ಆಗ ಆಂಗ್ಲೇಯರು ಅದನ್ನು ಅಷ್ಟಾಗಿ ಲಕ್ಷಿಸಲಿಲ್ಲ. 1816ರಲ್ಲಿ ಮದರಾಸಿನ ವೈದ್ಯ ಷೆರ್‌ವುಡ್ ಎಂಬವನು ಇವರನ್ನು ಕುರಿತು ಬರೆದ ಪ್ರಬಂಧವು 1820ರಲ್ಲಿ 'ಏಷಿಯಾಟಿಕ್ ರಿಸರ್ಚಸ್' ಎಂಬ ಸಂಪುಟಮಾಲೆಯಲ್ಲಿ ಅಚ್ಚಾಯಿತು. ದಾರಿಹೋಕರೊಡನೆ ಸವಿಮಾತಿನಿಂದ ಕೂಡಿಕೊಂಡು, ಜೊತೆಯಲ್ಲಿ ನಡೆದು, ನಂಬಿಸಿ, ಕಡೆಗೆ ಕೊರಳಿಗೆ ಉರುಳು ಹಾಕುವುದು ಇವರ ಕ್ರಮವೆಂದು ಹೇಳಲಾಯಿತು. ಕನ್ನಡದಲ್ಲಿ ಇವರಿಗೆ 'ತಂತಿ ಕಳ್ಳರು' ಎಂದು ಹೆಸರೆಂಬುದನ್ನೂ ಅವನು ಗುರುತಿಸಿದ್ದಾನೆ. ಉತ್ತರದವರು ಕಪಟವನ್ನು ನೋಡಿ ಹೆಸರಿಟ್ಟರು, ನಮ್ಮವರು ಕೈಯಲ್ಲಿದ್ದ ಉಪಕರಣವನ್ನು ನೋಡಿ ಹೆಸರಿಟ್ಟರು. ನಮ್ಮವರದೇ ಹೆಚ್ಚು ನ್ಯಾಯವೆಂದು ನನಗೆ ತೋರುತ್ತದೆ. ಏಕೆಂದರೆ ತಂತಿ ಕಣ್ಣಿಗೆ ಕಾಣುತ್ತದೆ, ಮನಸ್ಸು ಕಾಣದು.

ಕಾಣದುದಕ್ಕೆ ಶಿಕ್ಷೆ ವಿಧಿಸುವ ಕಾಲವೂ ಬಂದಿತು. 1836ರ ಮೂವತ್ತನೆಯ ಶಾಸನದ ಪ್ರಕಾರ, ಒಬ್ಬನು ಠಕ್ಕರ ಗುಂಪಿಗೆ ಸೇರಿದ್ದನೆಂದು ಸಿದ್ಧಪಟ್ಟರೆ ಸಾಕು, ಯಾವಜ್ಜೀವ ಕಠಿನ ಸಜೆ. ಇಂತಹ ದಿನ ಇಂತಹವನನ್ನು ಕೊಂದನೆಂದು ತೋರಿಸಬೇಕಾಗಿರಲಿಲ್ಲ. ಬಹುಮಟ್ಟಿಗೆ ಸಾಕ್ಷಿ ನುಡಿದವರು ಮಾಫಿಸಾಕ್ಷಿಗಳು. ಆ ವೃತ್ತಾಂತಗಳಲ್ಲಿ ನಿಜವೆಷ್ಟು, ಭಯದ ಕಲ್ಪನೆಯೆಷ್ಟು ಎಂದು ಚರಿತ್ರಕಾರರು ಇಂದಿಗೂ ವಾದಿಸುತ್ತಿರುವರು.

1860ರ ಪೀನಲ್ ಕೋಡಿನಲ್ಲಿ ಎರಡು ಕಲಮುಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಬೇಕು. 415ನೆಯದು 'ಚೀಟಿಂಗ್' ಎಂಬ ಕೃತ್ಯವನ್ನು ವಿವರಿಸುತ್ತದೆ: ಮೊದಲು ಒಬ್ಬನನ್ನು ನಂಬಿಸಿ ಮೋಸಗೊಳಿಸಿರಬೇಕು, ಅದರಿಂದ ಅವನು ಸ್ವತ್ತು ಕೊಟ್ಟಿರಬೇಕು ಅಥವಾ ಹಾನಿಗೊಳಗಾಗಬಹುದಾದ ಕೆಲಸಕ್ಕೆ ತೊಡಗಿರಬೇಕು. 310ನೆಯದು 'ಥಗ್' ಎಂಬ ಮನುಷ್ಯನನ್ನು ವಿವರಿಸುತ್ತದೆ: ಕೊಲೆಯಿಂದ ಕೂಡಿದ ದರೋಡೆಗೋ ಮಕ್ಕಳ ಅಪಹಾರಕ್ಕೋ ಇತರರೊಡನೆ ರೂಢಿಯಾಗಿ ಕೂಡಿಕೊಂಡಿದ್ದವನು. ಇದರಲ್ಲಿ ಮೋಸದ ಮಾತೇ ಇಲ್ಲ! ಶಬ್ದವನ್ನು ನಮ್ಮಿಂದ ಒಯ್ದರು. ಅದರ ಒಳಗಿದ್ದ ಸಂವರಣವನ್ನು ಇಲ್ಲಿಯೇ ಬಿಟ್ಟರು. ಒಂದು ಕಲಮು ಮಾಡಿದ್ದನ್ನು ಕೇಳುತ್ತದೆ, ಇನ್ನೊಂದು ನೀನು ಯಾರೆಂದು ಕೇಳುತ್ತದೆ. ಎರಡನೆಯ ಪ್ರಶ್ನೆಯ ಜಾಡಿನಲ್ಲಿಯೇ 1871ರ ಕ್ರಿಮಿನಲ್ ಟ್ರೈಬ್ಸ್ ಶಾಸನವು ಬಂದು, ಹುಟ್ಟಿದ ಜಾತಿಯನ್ನೇ ಅಪರಾಧವಾಗಿ ಎಣಿಸಿತು. ಅದು ರದ್ದಾದದ್ದು 1952ರಲ್ಲಿ.

ಇಂಗ್ಲಿಷಿನಲ್ಲಿ ಈಗ 'ಥಗ್' ಎಂದರೆ ಬರಿಯ ಪುಂಡ, ಬೀದಿಯಲ್ಲಿ ಕೈಮಾಡುವವನು. ಅದನ್ನು ಕನ್ನಡಕ್ಕೆ ತರುವಾಗ ಠಕ್ಕನೆಂದು ಬರೆಯುವವರು ಎರಡು ಬಾರಿ ತಪ್ಪುತ್ತಾರೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಥಗ್ಗನ ಕಲಮು ಇಲ್ಲ. ಚೀಟಿಂಗ್ ಮಾತ್ರ 318ನೆಯ ಸಂಖ್ಯೆಯಲ್ಲಿ ಉಳಿದಿದೆ. ಆದರೂ ಚಿಕ್ಕಪೇಟೆಯಲ್ಲಿ ಯಾರೂ ಯಾರನ್ನೂ ಮುನ್ನೂರ ಹದಿನೆಂಟು ಎಂದು ಬೈದದ್ದನ್ನು ನಾನು ಕೇಳಿಲ್ಲ. ಅಲ್ಲಿ ಇನ್ನೂ ಫೋರ್‌ಟ್ವೆಂಟಿಯೇ ನಡೆಯುತ್ತಿದೆ.