ಪುರಸಭೆಯ ಸ್ವತ್ತು ಮತ್ತು ಸಾರ್ವಜನಿಕ ವೈ-ಫೈ: ಅನುಮತಿಯ ಪೂರ್ವೇತಿಹಾಸ

೧

ಬಸ್ಸು ನಿಲ್ದಾಣದಲ್ಲಾಗಲಿ ಪೇಟೆಯ ಕೂಡುರಸ್ತೆಯಲ್ಲಾಗಲಿ ಸಾರ್ವಜನಿಕರಿಗೆ ವೈ-ಫೈ ಸಂಪರ್ಕವನ್ನು ಒದಗಿಸಹೊರಟಾಗ ಮೊದಲು ಏಳುವುದು ಸ್ಥಳದ ಪ್ರಶ್ನೆ. ಸಲಕರಣೆಯ ಪೆಟ್ಟಿಗೆಯನ್ನು ಯಾವ ಕಂಬಕ್ಕೆ ಬಿಗಿಯಬೇಕು, ಆ ಕಂಬ ಯಾರದು, ಅದು ನಿಂತ ನೆಲ ಯಾರ ವಶದಲ್ಲಿದೆ, ಒಪ್ಪಿಗೆ ಕೊಡತಕ್ಕವರಾರು? ಈ ಪ್ರಶ್ನೆಗಳು ಇತ್ತೀಚಿನವೆಂದು ತೋರಿದರೂ ಇವುಗಳ ಚರಿತ್ರೆ ತಂತಿವಾರ್ತೆಯ ಕಾಲದಿಂದ ಬಂದುದಾಗಿದೆ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಎಂಬ ಮೂರು ಪಟ್ಟಣಗಳನ್ನು ನಿದರ್ಶನವಾಗಿರಿಸಿಕೊಂಡು, ಸ್ಥಳೀಯ ಸಂಸ್ಥೆಯ ಸಮ್ಮತಿಗಿದ್ದ ಸ್ಥಾನವು ೧೮೮೫ರಿಂದ ಈಚೆಗೆ ಹೇಗೆ ಮಾರ್ಪಟ್ಟಿತೆಂಬುದನ್ನು ವಿವೇಚಿಸುವುದು ಈ ಲೇಖನದ ಉದ್ದೇಶ.

೨

ಮೂರೂ ಪ್ರಾಚೀನ ಸ್ಥಳಗಳೇ. ಮೂಡುಬಿದಿರೆಯ ಸಾವಿರ ಕಂಬದ ಬಸದಿ ೧೪೩೦ರದು. ಬಂಟ್ವಾಳವು ನೇತ್ರಾವತಿಯ ದಡದಲ್ಲಿ ಬೆಳೆದ ವ್ಯಾಪಾರದ ಪೇಟೆ. ಬೆಳ್ತಂಗಡಿಯ ಹೆಸರಿನಲ್ಲಿಯೇ ಅಂಗಡಿಯಿದೆ. ೧೮೦೧ರಲ್ಲಿ ಈ ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಈ ಮೂರು ಊರುಗಳನ್ನೂ ಹಾದುಹೋದನು.

೧೮೬೨ರಲ್ಲಿ ಉತ್ತರ ಕನ್ನಡವು ಮುಂಬಯಿ ಆಧಿಪತ್ಯಕ್ಕೆ ಸೇರಿದಾಗ ದಕ್ಷಿಣ ಕನ್ನಡವು ಮದರಾಸಿನಲ್ಲಿಯೇ ಉಳಿಯಿತು. ೧೯೫೬ರ ನವೆಂಬರ್ ೧ರಂದು ಮೈಸೂರು ರಾಜ್ಯವನ್ನು ಸೇರುವವರೆಗೆ ಇಲ್ಲಿನ ಬೀದಿಗಳ ಆಡಳಿತವು ಮದರಾಸಿನ ಶಾಸನಗಳಿಗೆ ಒಳಪಟ್ಟಿತ್ತು. ೧೯೨೦ರ ಪುರಸಭಾ ಕಾಯಿದೆಯೂ ಅದೇ ವರ್ಷದ ಲೋಕಲ್ ಬೋರ್ಡುಗಳ ಕಾಯಿದೆಯೂ ಇವುಗಳಲ್ಲಿ ಮುಖ್ಯವಾದವು. ಪುರಸಭೆಯುಳ್ಳ ಊರಿನ ಬೀದಿ ಪುರಸಭೆಯ ವಶದಲ್ಲಿತ್ತು. ಉಳಿದೆಡೆಗಳಲ್ಲಿ ಬೋರ್ಡುಗಳೂ ಪಂಚಾಯತುಗಳೂ ಆ ಹೊಣೆಯನ್ನು ಹೊತ್ತಿದ್ದವು. ೧೯೬೪ರ ಪುರಸಭೆಗಳ ಕಾಯಿದೆಯಿಂದ ಹಳೆಯ ಮೈಸೂರು, ಮುಂಬಯಿ, ಮದರಾಸು ಪ್ರದೇಶಗಳ ಭಿನ್ನ ಪದ್ಧತಿಗಳು ಒಂದು ಕಟ್ಟಿಗೆ ಬಂದವು. ಬಂಟ್ವಾಳ ಮತ್ತು ಮೂಡುಬಿದಿರೆಯ ಪುರಸಭೆಗಳಿಗೂ ಬೆಳ್ತಂಗಡಿಯ ಪಟ್ಟಣ ಪಂಚಾಯತಿಗೂ ಆ ಕಾಯಿದೆಯೇ ಆಧಾರ.

ಆದರೆ ಊರಿನ ಎಡೆಯಲ್ಲಿರುವುದೆಲ್ಲವೂ ಊರಿನ ಸ್ವತ್ತಲ್ಲ. ಮೂಡುಬಿದಿರೆಯ ಮೂಲಕ ೧೬೯ನೆಯ ರಾಷ್ಟ್ರೀಯ ಹೆದ್ದಾರಿಯೂ ಬೆಳ್ತಂಗಡಿಯ ಮೂಲಕ ೭೩ನೆಯದೂ ಹಾದುಹೋಗಿವೆ. ಬಂಟ್ವಾಳದ ವ್ಯವಹಾರವು ಹೊಳೆಯ ದಡದ ಹಳೆಯ ಪೇಟೆಯಿಂದ ಬಂಟ್ವಾಳ ಕ್ರಾಸ್ ರೋಡ್, ಎಂದರೆ ಬಿ. ಸಿ. ರೋಡಿನ ಕಡೆಗೆ ಸರಿದು, ೭೫ನೆಯ ಹೆದ್ದಾರಿಯ ಮೇಲೆ ನೆಲೆಸಿದೆ. ಹೀಗಾಗಿ ಜನಸಂದಣಿ ಹೆಚ್ಚಿರುವ ಸ್ಥಳದಲ್ಲಿಯೇ ನೆಲವು ಹೆದ್ದಾರಿಯ ಅಧಿಕಾರಿಗಳ ವಶದಲ್ಲಿದೆ. ಇನ್ನು ಬೀದಿಯ ವಿದ್ಯುತ್ ಕಂಬವು ಸಾಮಾನ್ಯವಾಗಿ ೨೦೦೨ರಲ್ಲಿ ರಚಿತವಾದ ಮೆಸ್ಕಾಂ ಸಂಸ್ಥೆಯದು. ಅದರ ಮೇಲಿನ ದೀಪ ಪುರಾಡಳಿತದ್ದು. ಆದುದರಿಂದ ಒಂದೇ ಪೆಟ್ಟಿಗೆಗೆ ಎರಡು ಮೂರು ಬಾಗಿಲುಗಳಲ್ಲಿ ಒಪ್ಪಿಗೆ ಬೇಡಬೇಕಾಗುತ್ತದೆ.

೩

ಸಾರ್ವಜನಿಕ ನೆಲದಲ್ಲಿ ಕಂಬ ನೆಡುವ ಅಧಿಕಾರವನ್ನು ಭಾರತದಲ್ಲಿ ಬಹುಕಾಲ ನಿಯಮಿಸಿದುದು ೧೮೮೫ರ ತಂತಿ ಕಾಯಿದೆ. ಸಾಮ್ರಾಜ್ಯಶಾಹಿಯು ತನ್ನ ಆಡಳಿತದ ಅನುಕೂಲಕ್ಕಾಗಿ ಮಾಡಿಕೊಂಡ ಶಾಸನವಿದು. ಆದರೂ ಸ್ಥಳೀಯ ಸಂಸ್ಥೆಯ ವಿಷಯದಲ್ಲಿ ಇದರ ವಿಧಿಗಳು ಗಮನಾರ್ಹವಾಗಿವೆ. ೧೦ನೆಯ ಪ್ರಕರಣದಂತೆ ಸರಕಾರಕ್ಕೆ ದೊರೆಯುವುದು ಬಳಕೆಯ ಹಕ್ಕು ಮಾತ್ರ, ನೆಲದ ಒಡೆತನವಲ್ಲ. ಸ್ಥಳೀಯ ಸಂಸ್ಥೆಯ ಸ್ವತ್ತಿನಲ್ಲಿ ಅದರ ಅನುಮತಿಯಿಲ್ಲದೆ ತಂತಿ ಎಳೆಯುವಂತಿರಲಿಲ್ಲ. ೧೨ನೆಯ ಪ್ರಕರಣದಂತೆ ಆ ಸಂಸ್ಥೆಯು ತನಗೆ ತಗಲುವ ವೆಚ್ಚ, ಕೆಲಸದ ಕಾಲ ಹಾಗೂ ಕ್ರಮಗಳ ಬಗೆಗೆ ಯುಕ್ತವಾದ ಷರತ್ತುಗಳನ್ನು ವಿಧಿಸಬಹುದಾಗಿತ್ತು. ಮುಂದೆ ಪರಿಸ್ಥಿತಿ ಬದಲಾದರೆ ಕಂಬವನ್ನು ತೆಗೆಯಿರಿ, ಇಲ್ಲವೆ ಸರಿಸಿರಿ ಎಂದು ಕೇಳುವ ಹಕ್ಕನ್ನು ೧೩ನೆಯ ಪ್ರಕರಣವು ಕೊಟ್ಟಿತು. ವಿವಾದವುಂಟಾದಲ್ಲಿ ಸರಕಾರವು ನೇಮಿಸಿದ ಅಧಿಕಾರಿಯೇ ತೀರ್ಮಾನಿಸುತ್ತಿದ್ದುದರಿಂದ ಕಡೆಯ ಮಾತು ಸರಕಾರದ್ದೇ. ಆದರೂ ಮೊದಲ ಮಾತು ಊರಿನದಾಗಿತ್ತು.

೧೯೩೩ರ ನಿಸ್ತಂತು ಕಾಯಿದೆಯು ಇನ್ನೊಂದು ಕಟ್ಟನ್ನು ತಂದಿತು: ನಿಸ್ತಂತು ಯಂತ್ರವನ್ನು ಇರಿಸಿಕೊಳ್ಳುವುದಕ್ಕೇ ಪರವಾನಗಿ ಬೇಕಾಯಿತು. ಆದರೆ ಅದಕ್ಕೆ ಮೊದಲೇ, ೧೯೩೦ರ ಏಪ್ರಿಲ್ ೧ರಂದು, ಮದರಾಸು ನಗರದ ಕಾರ್ಪೊರೇಷನ್ನು ತನ್ನದೇ ರೇಡಿಯೋ ಪ್ರಸಾರವನ್ನು ಆರಂಭಿಸಿ ಸಾರ್ವಜನಿಕ ಸ್ಥಳಗಳಲ್ಲಿ ಧ್ವನಿವರ್ಧಕಗಳನ್ನು ಇರಿಸಿತ್ತು. ೧೯೩೮ರಲ್ಲಿ ಆಕಾಶವಾಣಿಯ ಮದರಾಸು ಕೇಂದ್ರವು ತೆರೆಯುವವರೆಗೆ ಈ ಸೇವೆ ನಡೆಯಿತು. ದಕ್ಷಿಣ ಕನ್ನಡವು ಸೇರಿದ್ದ ಆಧಿಪತ್ಯದ ರಾಜಧಾನಿಯಲ್ಲಿ ಪೌರಸಂಸ್ಥೆಯೊಂದು ಅನುಮತಿ ನೀಡುವ ಕೆಲಸಕ್ಕಷ್ಟೇ ನಿಲ್ಲದೆ, ನಿಸ್ತಂತು ಸೌಕರ್ಯವನ್ನು ತಾನೇ ಚೌಕಕ್ಕೆ ತಂದ ಸಂದರ್ಭವಿದು. ಇಂದಿನ ಸಾರ್ವಜನಿಕ ವೈ-ಫೈಗೆ ಇದನ್ನು ಪೂರ್ವಜನೆನ್ನಲು ಅಡ್ಡಿಯಿಲ್ಲ.

೪

ಇಪ್ಪತ್ತೊಂದನೆಯ ಶತಮಾನದಲ್ಲಿ ಆಕಾಶದ ಕಟ್ಟು ಸಡಿಲಿತು. ವೈ-ಫೈ ಬಳಸುವ ೨.೪ ಗಿಗಾಹರ್ಟ್ಸ್ ತರಂಗಪಟ್ಟಿಗೆ ೨೦೦೫ರಲ್ಲಿ ಪರವಾನಗಿಯಿಂದ ವಿನಾಯಿತಿ ದೊರೆಯಿತು. ೨೦೧೪ರ ಜನವರಿಯಲ್ಲಿ ಬೆಂಗಳೂರಿನ ಮಹಾತ್ಮಾ ಗಾಂಧಿ ರಸ್ತೆಯೇ ಮೊದಲಾದ ಕೆಲವು ಸ್ಥಳಗಳಲ್ಲಿ ರಾಜ್ಯ ಸರಕಾರವು 'ನಮ್ಮ ವೈ-ಫೈ'ಯನ್ನು ಆರಂಭಿಸಿತು. ಆದರೆ ಅದು ದೀರ್ಘಕಾಲ ಬಾಳಲಿಲ್ಲ. ೨೦೨೦ರ ಡಿಸೆಂಬರ್ ೯ರಂದು ಕೇಂದ್ರ ಸಂಪುಟವು ಒಪ್ಪಿದ ಪಿಎಂ-ವಾಣಿ ಯೋಜನೆಯಂತೆ ಸಣ್ಣ ಅಂಗಡಿಯವನೂ ಪರವಾನಗಿ, ನೋಂದಣಿ, ಶುಲ್ಕಗಳಿಲ್ಲದೆ ವೈ-ಫೈ ಕೊಡಬಹುದಾಯಿತು. ತನ್ನ ಅಂಗಡಿಯೊಳಗೆ ಅವನಿಗೆ ತೊಡಕಿಲ್ಲ. ಗೋಡೆಯನ್ನು ದಾಟಿ ಬೀದಿಯ ಕಂಬಕ್ಕೆ ಬಂದಾಗ ಮಾತ್ರ ಹಳೆಯ ಪ್ರಶ್ನೆಯೇ ಎದುರಾಗುತ್ತದೆ.

ಆ ನೆಲದ ಕಟ್ಟೂ ಬೇರೊಂದು ರೀತಿಯಲ್ಲಿ ಸಡಿಲಿತು. ೨೦೧೬ರ ನವೆಂಬರಿನ ಮಾರ್ಗಹಕ್ಕಿನ ನಿಯಮಗಳಂತೆ ಪ್ರಾಧಿಕಾರವು ೬೦ ದಿನಗಳೊಳಗೆ ಅರ್ಜಿಯನ್ನು ತೀರ್ಮಾನಿಸಬೇಕಾಗಿತ್ತು; ನಿರಾಕರಿಸುವುದಾದರೆ ಕಾರಣವನ್ನು ಬರೆದು ತಿಳಿಸಬೇಕಾಗಿತ್ತು; ಸುಮ್ಮನಿದ್ದರೆ ಅನುಮತಿಯು ದೊರೆತಂತೆಯೇ ಭಾವಿಸಬೇಕಾಗಿತ್ತು. ೨೦೨೨ರ ತಿದ್ದುಪಡಿಯು ಬೀದಿಯ ಕಂಬ ಮೊದಲಾದವುಗಳ ಮೇಲೆ ಕಿರುವ್ಯಾಪ್ತಿಯ ಮೊಬೈಲ್ ಸಲಕರಣೆಯನ್ನು ಇರಿಸಲು ನಗರಗಳಲ್ಲಿ ವರ್ಷಕ್ಕೆ ೩೦೦ ರೂಪಾಯಿ, ಗ್ರಾಮಗಳಲ್ಲಿ ೧೫೦ ರೂಪಾಯಿ ಎಂದು ದರವನ್ನು ಗೊತ್ತುಪಡಿಸಿತು. ಮೊಬೈಲ್ ಗೋಪುರಗಳ ಮೇಲೆ ಆಸ್ತಿತೆರಿಗೆ ವಿಧಿಸಬಹುದೆಂದು ಸರ್ವೋಚ್ಚ ನ್ಯಾಯಾಲಯವು ೨೦೧೬ರ ಡಿಸೆಂಬರಿನಲ್ಲಿ, ಅಹಮದಾಬಾದು ನಗರಪಾಲಿಕೆಯ ವ್ಯಾಜ್ಯದಲ್ಲಿ, ತೀರ್ಪಿತ್ತಿತ್ತು. ೨೦೨೩ರ ದೂರಸಂಪರ್ಕ ಕಾಯಿದೆಯು ಜಾಲವನ್ನು ಅದು ನಿಂತ ಆಸ್ತಿಯಿಂದ ಬೇರ್ಪಡಿಸಿ ಅಂತಹ ತೆರಿಗೆಯ ದಾರಿಯನ್ನು ಮುಚ್ಚಿತು. ಈ ಕಾಯಿದೆಯ ಮೇರೆಗೆ ರಚಿತವಾದ ಹೊಸ ಮಾರ್ಗಹಕ್ಕಿನ ನಿಯಮಗಳು ೨೦೨೫ರ ಜನವರಿ ೧ರಿಂದ ಜಾರಿಗೆ ಬಂದಿವೆ. ಮೌನವನ್ನು ಸಮ್ಮತಿಯೆಂದು ಗಣಿಸುವ ತತ್ತ್ವವು ಅವುಗಳಲ್ಲಿಯೂ ಉಳಿದಿದೆ.

೫

ಈ ಬದಲಾವಣೆಗೆ ಕಾರಣವಿಲ್ಲದಿಲ್ಲ. ಅರ್ಜಿಗಳು ಮೇಜಿನ ಮೇಲೆ ತಿಂಗಳುಗಟ್ಟಲೆ ಕೊಳೆತರೆ ನಷ್ಟವಾಗುವುದು ಜನರಿಗೇ. ಆದರೆ ವಿಳಂಬವನ್ನು ನೀಗುವ ಭರದಲ್ಲಿ ಸಮ್ಮತಿಯ ತಿರುಳೇ ಕಳೆದುಹೋಗಬಾರದು. ಊರಿಗೆ ಗೊತ್ತಿರುವ ಸಂಗತಿಗಳು ದೂರದ ಕಚೇರಿಗೆ ಗೊತ್ತಿರುವುದಿಲ್ಲ. ೧೯೨೩ರಲ್ಲಿಯೂ ೧೯೭೪ರಲ್ಲಿಯೂ ನೇತ್ರಾವತಿಯ ನೆರೆಯನ್ನು ಕಂಡ ಬಂಟ್ವಾಳದಲ್ಲಿ ಪೆಟ್ಟಿಗೆಯನ್ನು ಎಷ್ಟು ಎತ್ತರದಲ್ಲಿ ಬಿಗಿಯಬೇಕೆಂಬುದು ಸಣ್ಣ ಮಾತಲ್ಲ. ಮಳೆ, ಸಿಡಿಲುಗಳ ಈ ಸೀಮೆಯಲ್ಲಿ ಯಾವ ಕಂಬ ಶಿಥಿಲವಾಗಿದೆ, ಜಾತ್ರೆಯ ದಿನ ರಥವು ಯಾವ ಬೀದಿಯಲ್ಲಿ ಸಾಗುತ್ತದೆ ಎಂಬುದನ್ನು ಅಲ್ಲಿಯವರೇ ಹೇಳಬಲ್ಲರು. ಸೇವೆ ನಿಂತಮೇಲೆ ಸಲಕರಣೆಯನ್ನು ಕಳಚುವವರಾರೆಂಬುದೂ ಮೊದಲೇ ಗೊತ್ತಾಗಿರಬೇಕು.

ಕಾಲಮಿತಿಯೊಳಗೆ ಉತ್ತರ ಕೊಡುವ ಪುರಸಭೆಗೆ ಷರತ್ತು ಹಾಕುವ ಅವಕಾಶ ಇಂದಿಗೂ ಉಂಟು. ಅದನ್ನು ಕಳೆದುಕೊಳ್ಳುವುದು ಸುಮ್ಮನಿರುವ ಪುರಸಭೆ. ಕಂಬದ ಸಂಖ್ಯೆ, ಅದರ ಒಡೆಯರು, ಅವಧಿ, ವಿದ್ಯುತ್ತಿನ ವೆಚ್ಚ, ದುರಸ್ತಿ, ತೆರವಿನ ಹೊಣೆ ಇಷ್ಟನ್ನು ಒಂದು ನಿರ್ಣಯದಲ್ಲಿ ಬರೆಯಲು ಒಂದು ಪುಟ ಸಾಕು. ಮೌನದಿಂದ ಹುಟ್ಟಿದ ಅನುಮತಿಗೆ ನಿರ್ಣಯ ಪುಸ್ತಕದಲ್ಲಿ ಒಂದು ಸಾಲೂ ಇರುವುದಿಲ್ಲ. ಊರಿನ ಸ್ವತ್ತಿನ ಮೇಲೆ ಯಾರು, ಎಂದು, ಯಾವ ಕರಾರಿನಿಂದ ಏನನ್ನು ನಿಲ್ಲಿಸಿದರೆಂದು ಮುಂದೆ ಕೇಳುವ ಪೌರನಿಗೂ ಚರಿತ್ರಕಾರನಿಗೂ ಆಗ ಆಧಾರವೇ ದೊರೆಯದು. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಪುರಾಡಳಿತಗಳು ಇಂತಹ ನಿರ್ಣಯಗಳನ್ನು ಬರೆದಿಡುವುದು ಸಂಪರ್ಕದ ದೃಷ್ಟಿಯಿಂದಲೂ ದಾಖಲೆಯ ದೃಷ್ಟಿಯಿಂದಲೂ ಆವಶ್ಯಕವಾಗಿದೆ.